'ಪಟ್ಟಿ ಮಾಡಿ' ಎಂಬ ಪ್ರಶ್ನೆ ಕೈಬಿಡಿ: ಕನ್ನಡ ಪಠ್ಯ ಸಮಿತಿಗೆ ಯಾದಗಿರಿಯಿಂದ ಒಂದು ಬಹಿರಂಗ ಪತ್ರ

ಪದವಿ ತರಗತಿಗಳ ಕನ್ನಡ ಪಠ್ಯ ಸಮಿತಿಯ ಅಧ್ಯಕ್ಷರಿಗೆ ಮತ್ತು ಸದಸ್ಯರಿಗೆ,

ಮಾನ್ಯರೇ, ನಮಸ್ಕಾರ.

ನಾನು ಯಾದಗಿರಿ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಹದಿಮೂರು ವರ್ಷದಿಂದ ಕನ್ನಡ ಪಾಠ ಮಾಡುತ್ತಿರುವ ಅತಿಥಿ ಉಪನ್ಯಾಸಕಿ. ವಡಗೇರಾ, ಗುರುಮಠಕಲ್, ಶಹಾಪುರ ಕಡೆಯ ಹಳ್ಳಿಗಳಿಂದ ಮಕ್ಕಳು ಬೆಳಗಿನ ಬಸ್ಸು ಹಿಡಿದು ನನ್ನ ತರಗತಿಗೆ ಬರುತ್ತಾರೆ. ಮನೆಯಲ್ಲಿ ಕೆಲವರದು ಉರ್ದು, ಕೆಲವರದು ತೆಲುಗು, ಕೆಲವರದು ಲಂಬಾಣಿ. ತೊಗರಿ ರಾಶಿಯ ಹೊತ್ತಿಗೆ ಅರ್ಧ ಬೆಂಚು ಖಾಲಿಯಾಗುತ್ತವೆ. ಕೂಲಿಗೆ ಹೋದ ಮಕ್ಕಳು ವಾರ ಬಿಟ್ಟು ಬರುತ್ತಾರೆ. ಈ ಮಕ್ಕಳ ವಿಷಯವಾಗಿ ನಿಮಗೆ ಎರಡು ಸಲ ಅಂಚೆಯಲ್ಲಿ ಬರೆದೆ. ಉತ್ತರ ಬರಲಿಲ್ಲ. ಅದಕ್ಕೇ ಈಗ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಮೊದಲು ಕೃತಜ್ಞತೆ ಹೇಳುತ್ತೇನೆ. ನೀವು ಪಠ್ಯದಲ್ಲಿ 'ಸಾಹಿತ್ಯ ಮತ್ತು ಸಿನಿಮಾ' ಎಂಬ ಘಟಕ ಸೇರಿಸಿದಾಗ ನನಗೆ ನಿಜವಾಗಿ ಸಂತೋಷವಾಯಿತು. ಕಥೆ, ಕಾದಂಬರಿ ಓದಿ ಅದರ ಸಿನಿಮಾ ನೋಡಿ ಎರಡನ್ನೂ ಪಕ್ಕದಲ್ಲಿಟ್ಟು ಯೋಚಿಸುವುದು ಬಹಳ ಒಳ್ಳೆಯ ಪಾಠ. ಓದಲು ಹಿಂಜರಿಯುವ ಹುಡುಗ ಕೂಡ ಸಿನಿಮಾ ಅಂದರೆ ಬಾಯಿ ಬಿಡುತ್ತಾನೆ. ಹಾಗೆ ಬಾಯಿ ಬಿಟ್ಟವನನ್ನು ಮೆಲ್ಲಗೆ ಪುಸ್ತಕದ ಹತ್ತಿರ ಕರೆತರಬಹುದು. ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ.

ಆದರೆ ಪರೀಕ್ಷೆಯಲ್ಲಿ ಬಂದ ಪ್ರಶ್ನೆ ಹೀಗಿತ್ತು: 'ಚೋಮನ ದುಡಿ ಕಾದಂಬರಿಗೂ ಸಿನಿಮಾಕ್ಕೂ ಇರುವ ವ್ಯತ್ಯಾಸಗಳನ್ನು ಪಟ್ಟಿ ಮಾಡಿ.' ಹತ್ತು ಅಂಕ.

ಈ ಪ್ರಶ್ನೆಗೆ ನನ್ನ ತರಗತಿಯ ಒಬ್ಬ ಹುಡುಗಿ ಏನು ಬರೆದಳು ಎಂದು ಹೇಳಬೇಕು. ಅದಕ್ಕೂ ಮುಂಚೆ ನಾವು ಆ ಪಾಠ ಹೇಗೆ ಮಾಡಿದೆವು ಎಂದು ಹೇಳಬೇಕು.

ನಮ್ಮ ಗ್ರಂಥಾಲಯದಲ್ಲಿ ಶಿವರಾಮ ಕಾರಂತರ ಕಾದಂಬರಿಯ ನಾಲ್ಕು ಪ್ರತಿ ಇದ್ದವು. ಮಕ್ಕಳು ಐವತ್ತೆರಡು. ಹಾಗಾಗಿ ಕೊನೆಯ ಭಾಗವನ್ನು ಮೂರು ದಿನ ತರಗತಿಯಲ್ಲೇ ಗಟ್ಟಿಯಾಗಿ ಓದಿದೆವು, ಒಬ್ಬರಾದ ಮೇಲೆ ಒಬ್ಬರು. ಉಳುಮೆ ಮಾಡಬೇಕು ಅಂತ ಜೀವಮಾನವೆಲ್ಲ ಆಸೆಪಟ್ಟ ಚೋಮ ಕೊನೆಗೆ ಗುಡಿಸಲಲ್ಲಿ ದುಡಿ ಬಾರಿಸುತ್ತಾ ಸಾಯುತ್ತಾನೆ. ಓದು ಮುಗಿದ ಮೇಲೆ ಒಂದೊಂದು ಹಾಳೆ ಕೊಟ್ಟು ಕೇಳಿದೆ: 'ಇದನ್ನ ನೀವೇ ಸಿನಿಮಾ ಮಾಡೋದಾದ್ರೆ ಮೊದಲು ಏನು ಕಾಣಿಸಬೇಕು? ಏನು ಕೇಳಿಸಬೇಕು? ಏನು ಬಿಡ್ತೀರಿ?' ಸಿನಿಮಾ ನೋಡುವ ಮುಂಚೆ ಇದು ಆಗಲೇಬೇಕು. ಒಮ್ಮೆ ಪರದೆಯ ಮೇಲಿನ ಮುಖ ನೋಡಿಬಿಟ್ಟರೆ ತಮ್ಮ ತಲೆಯೊಳಗಿದ್ದ ಚೋಮ ಅಳಿಸಿಹೋಗುತ್ತಾನೆ. ಅವನನ್ನು ಮೊದಲೇ ಹಾಳೆಯ ಮೇಲೆ ಹಿಡಿದಿಡಬೇಕು.

ಆಮೇಲೆ ಕಂಪ್ಯೂಟರ್ ಲ್ಯಾಬಿನ ಕಿಟಕಿಗಳಿಗೆ ಚಾದರ ಕಟ್ಟಿ ಬಿ. ವಿ. ಕಾರಂತರ ಸಿನಿಮಾ ನೋಡಿದೆವು. ಚೋಮನಾಗಿ ವಾಸುದೇವರಾವ್ ಅವರು. ನಡುವೆ ಎರಡು ಸಲ ಕರೆಂಟ್ ಹೋಯಿತು. ಮಕ್ಕಳು ಎದ್ದು ಹೋಗಲಿಲ್ಲ. ಮರುದಿನ ಕೊನೆಯ ಹತ್ತು ನಿಮಿಷವನ್ನು ಮತ್ತೆ ಹಾಕಿದೆ. ಈ ಸಲ ಪರದೆಗೆ ಬಟ್ಟೆ ಮುಚ್ಚಿ ಬರೀ ಸದ್ದು ಕೇಳಿಸಿದೆ. ಆಮೇಲೆ ಸದ್ದು ತೆಗೆದು ಬರೀ ಚಿತ್ರ ತೋರಿಸಿದೆ. ಅದೇ ಹತ್ತು ನಿಮಿಷ ಮೂರು ಬೇರೆ ಬೇರೆ ಸಂಗತಿಯಾಗಿ ಕಂಡಿತು. ಯಾರಿಗೂ ನಾನು ಏನನ್ನೂ ವಿವರಿಸಲಿಲ್ಲ. ಅವರೇ ಮಾತಾಡಿಕೊಂಡರು.

ಆ ಹುಡುಗಿ ಪರೀಕ್ಷೆಯಲ್ಲಿ ಬರೆದದ್ದು ಇದು. ಅವಳ ಒಪ್ಪಿಗೆ ಪಡೆದು, ಅವಳ ಮಾತಿನಲ್ಲೇ ಕೊಡುತ್ತಿದ್ದೇನೆ:

'ನಮ್ಮ ಕಡೆ ದುಡಿ ಇಲ್ಲ, ಹಲಗಿ ಅದ. ಪುಸ್ತಕ ಓದುವಾಗ ನನಗ ನಮ್ಮ ಕಾಕಾನ ಹಲಗಿ ಕೇಳಿಸಿತು. ಸಿನಿಮಾದಾಗ ಕೇಳಿದ್ದು ಬ್ಯಾರೆ ಸದ್ದು. ಮೊದಲು ಸಿನಿಮಾದವರು ತಪ್ಪು ಮಾಡ್ಯಾರ ಅನಿಸಿತು. ಆಮೇಲೆ ತಿಳಿಯಿತು, ಪುಸ್ತಕದಾಗ ಸದ್ದು ಇರುವುದಿಲ್ಲ, ಓದುವವರು ತಮ್ಮ ಸದ್ದು ತಂದು ಹಾಕುತ್ತಾರ. ಪುಸ್ತಕದ ಚೋಮ ನಮ್ಮ ಕೇರಿಯಾಗ ಇದ್ದ. ಸಿನಿಮಾದ ಚೋಮ ಅವನ ಊರಾಗ ಇದ್ದಾನ. ನನಗ ಇಬ್ಬರೂ ಬೇಕು.'

ಇದಕ್ಕೆ ಹತ್ತಕ್ಕೆ ಎರಡು ಅಂಕ ಬಂತು.

ಅವಳು ಫೀಸು ಕಟ್ಟಿ ಉತ್ತರ ಪತ್ರಿಕೆಯ ಜೆರಾಕ್ಸ್ ತರಿಸಿದಳು. ಇನ್ನಷ್ಟು ಕಟ್ಟಿ ಮರುಮೌಲ್ಯಮಾಪನಕ್ಕೆ ಹಾಕಿದಳು. ಅವಳ ಅವ್ವ ಕೂಲಿ ಮಾಡಿದ ದುಡ್ಡು ಅದು. ಅಂಕ ಎರಡೇ ಉಳಿಯಿತು. ಮೌಲ್ಯಮಾಪನ ಮಾಡಿದವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಕೈಯಲ್ಲಿ ಒಂದು ಮಾದರಿ ಉತ್ತರ ಇತ್ತು. ಅದರಲ್ಲಿ ಆರು ಅಂಶ ಇದ್ದವು. ಅಂಶ ಇದ್ದರೆ ಅಂಕ, ಇಲ್ಲದಿದ್ದರೆ ಇಲ್ಲ. ದಿನಕ್ಕೆ ಅಷ್ಟೊಂದು ಪತ್ರಿಕೆ ನೋಡುವವರು ಇನ್ನೇನು ಮಾಡಲು ಸಾಧ್ಯ? ತಪ್ಪು ಪ್ರಶ್ನೆಯಲ್ಲೇ ಇದೆ.

ಆ ಆರು ಅಂಶಗಳನ್ನು ನೋಡಿ. ಕಾದಂಬರಿ ದೊಡ್ಡದು, ಸಿನಿಮಾ ಚಿಕ್ಕದು. ಕಾದಂಬರಿಯಲ್ಲಿ ವರ್ಣನೆ ಇದೆ, ಸಿನಿಮಾದಲ್ಲಿ ದೃಶ್ಯ ಇದೆ. ಸಿನಿಮಾದಲ್ಲಿ ಸಂಗೀತ ಇದೆ, ಕಾದಂಬರಿಯಲ್ಲಿ ಇಲ್ಲ. ಹೀಗೇ ಸಾಗುತ್ತದೆ. ಮಾನ್ಯರೇ, 'ಚೋಮನ ದುಡಿ' ಎಂಬ ಹೆಸರು ತೆಗೆದು ಬೇರೆ ಯಾವ ಹೆಸರು ಹಾಕಿದರೂ ಈ ಉತ್ತರ ನಡೆಯುತ್ತದೆ, ಅಲ್ವಾ? ಪುಸ್ತಕ ಮುಟ್ಟದವರು, ಸಿನಿಮಾ ನೋಡದವರು ಕೂಡ ಇದನ್ನು ಬರೆಯಬಹುದು. ಬರೆದರು ಕೂಡ. ಬಜಾರಿನಲ್ಲಿ ಗೈಡ್ ಬಂದಿದೆ. ಮೊಬೈಲಿನಲ್ಲಿ ಹತ್ತು ನಿಮಿಷದಲ್ಲಿ ಇಡೀ ಸಿನಿಮಾದ ಕಥೆ ಹೇಳುವ ವಿಡಿಯೊಗಳಿವೆ. ಓದಿ, ನೋಡಿ, ಯೋಚಿಸಿದ ಹುಡುಗಿಗೆ ಎರಡು. ಗೈಡ್ ಬಾಯಿಪಾಠ ಮಾಡಿದವರಿಗೆ ಎಂಟು. ಮುಂದಿನ ವರ್ಷದ ಮಕ್ಕಳು ಇದನ್ನು ನೋಡಿ ಏನು ಕಲಿಯುತ್ತಾರೆ ಎಂಬುದೇ ನನ್ನ ದೊಡ್ಡ ಚಿಂತೆ.

ವ್ಯತ್ಯಾಸ ಗುರುತಿಸುವುದು ಮೊದಲ ಮೆಟ್ಟಿಲು ಮಾತ್ರ. ಹೀಗೆ ಯಾಕೆ ಬದಲಾಯಿತು, ಬದಲಾದ ಮೇಲೆ ನಮಗೆ ಏನಾಯಿತು ಎಂದು ಕೇಳಿದಾಗಲೇ ಹೋಲಿಕೆ ಶುರುವಾಗುವುದು. ನನ್ನ ತರಗತಿಯ ಇನ್ನೊಬ್ಬ ಹುಡುಗನ ಪ್ರಶ್ನೆ ಕೇಳಿ. ಕಾದಂಬರಿ ಬಂದದ್ದು 1933ರಲ್ಲಿ, ಸಿನಿಮಾ ಬಂದದ್ದು 1975ರಲ್ಲಿ ಎಂದು ಬೋರ್ಡಿನ ಮೇಲೆ ಬರೆದಿದ್ದೆ. ನಡುವೆ ನಲವತ್ತೆರಡು ವರ್ಷ. ಸ್ವಾತಂತ್ರ್ಯ ಬಂತು, ಸಂವಿಧಾನ ಬಂತು. ದೇವರಾಜ ಅರಸು ಅವರ ಕಾಲದಲ್ಲಿ ಭೂಸುಧಾರಣೆ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ, ಅಂದರೆ ಸಿನಿಮಾಕ್ಕೆ ಒಂದೇ ವರ್ಷ ಮುಂಚೆ. ಆ ಹುಡುಗ ಎದ್ದು ನಿಂತು ಕೇಳಿದ: 'ಮೇಡಂ, ಉಳುವವನೇ ಹೊಲದೊಡೆಯ ಅಂತ ಕಾನೂನು ಬಂದ ಮ್ಯಾಲೂ ಸಿನಿಮಾದಾಗ ಚೋಮಗ ಹೊಲ ಯಾಕ ಕೊಡಲಿಲ್ರಿ?'

ಆವತ್ತು ಇಡೀ ತಾಸು ಅದರ ಮೇಲೇ ಹೋಯಿತು. ಕಾಯ್ದೆಯಿಂದ ಹೊಲ ಸಿಕ್ಕಿದ್ದು ಮುಖ್ಯವಾಗಿ ಗೇಣಿದಾರರಿಗೆ. ಚೋಮ ಗೇಣಿದಾರನಲ್ಲ. ಅವನು ಸಾಲಕ್ಕೆ ದುಡಿಯುವ ಜೀತದಾಳು. ಹೊಲ ಗೇಣಿಗೆ ಪಡೆಯುವುದಕ್ಕೂ ಅವನ ಜಾತಿ ಬಿಡುವುದಿಲ್ಲ. ಹಾಗಾದರೆ 1975ರಲ್ಲಿ ಆ ಕಥೆಯನ್ನು ಮತ್ತೆ ಹೇಳುವುದಕ್ಕೆ ಒಂದು ಅರ್ಥ ಇತ್ತು. ಹಳೆಯ ಕಥೆ ಹೊಸ ಕಾಲದಲ್ಲಿ ನಿಂತಾಗ ಒಂದಕ್ಷರ ಬದಲಾಗದಿದ್ದರೂ ಅದು ಬೇರೆ ಮಾತು ಹೇಳುತ್ತದೆ. ಈ ಮಾತನ್ನು ನಾನು ಹೇಳಿಕೊಡಲಿಲ್ಲ. ಹೊಲ ಇಲ್ಲದ ಮನೆಯ ಹುಡುಗನೊಬ್ಬ ತಾನೇ ಕಂಡುಕೊಂಡ. ನಿಮ್ಮ ಪಟ್ಟಿಯಲ್ಲಿ ಇದನ್ನು ಯಾವ ಅಂಶದ ಕೆಳಗೆ ಬರೆಯಬೇಕು, ಹೇಳಿ.

'ಘಟಶ್ರಾದ್ಧ'ದ ಮಾತೂ ಹೀಗೆಯೇ. ಅನಂತಮೂರ್ತಿಯವರ ಕಥೆಯನ್ನು ಹುಡುಗ 'ನಾನು' ಎಂದು ಹೇಳುತ್ತಾನೆ. ಬಸಿರಾದದ್ದಕ್ಕೆ ಜಾತಿಯಿಂದ ಹೊರಗಾಗುವ ವಿಧವೆ ಯಮುನಕ್ಕನನ್ನು ಅವನ ಕಣ್ಣಿನಿಂದ ನೋಡುತ್ತೇವೆ. ಅವನ ಮುಖ ಮಾತ್ರ ನಮಗೆ ಕಾಣುವುದೇ ಇಲ್ಲ. ಗಿರೀಶ ಕಾಸರವಳ್ಳಿಯವರ 1977ರ ಸಿನಿಮಾದಲ್ಲಿ ಹುಡುಗನ ಮುಖ ಕಾಣುತ್ತದೆ. ನೋಡುವ ಹುಡುಗನನ್ನೂ ನಾವು ನೋಡುತ್ತೇವೆ. ಇಷ್ಟೇ ಒಂದು ಬದಲಾವಣೆ. ಆದರೆ ಅದರಿಂದ ಎಷ್ಟೊಂದು ಆಗುತ್ತದೆ! ಕಥೆ ಓದಿದಾಗ 'ನಾನೂ ಅಲ್ಲಿದ್ದೆ' ಅನಿಸುತ್ತದೆ. ಸಿನಿಮಾ ನೋಡಿದಾಗ 'ಈ ಮಗುವಿಗೆ ಇದೆಲ್ಲ ಯಾಕೆ ಕಾಣಬೇಕಿತ್ತು' ಅನಿಸುತ್ತದೆ. ನಾನು ಮಕ್ಕಳಿಗೆ ಒಂದು ಅಭ್ಯಾಸ ಕೊಡುತ್ತೇನೆ. ಕಥೆಯ ಒಂದು ಪ್ಯಾರಾ ತೆಗೆದುಕೊಂಡು 'ನಾನು' ಎಂಬ ಪದ ಬಳಸದೆ ಬರೆಯಿರಿ ಅನ್ನುತ್ತೇನೆ. ಬರೆಯುತ್ತಾ ಬರೆಯುತ್ತಾ ಅವರಿಗೆ ಸಿನಿಮಾದವರ ಕಷ್ಟ ಗೊತ್ತಾಗುತ್ತದೆ. ಆಮೇಲೆ ಯಾರೂ 'ಪುಸ್ತಕದಲ್ಲಿ ಇದ್ದಿದ್ದು ಸಿನಿಮಾದಲ್ಲಿ ಇಲ್ಲ' ಅಂತ ಸುಮ್ನೆ ದೂರುವುದಿಲ್ಲ.

ಈ ಸಿನಿಮಾವನ್ನು ಸರಿಪಡಿಸಿ ಹೊಸದಾಗಿ ಸಿದ್ಧಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಇಟಲಿಯ ಜನ ದೊಡ್ಡ ಪರದೆಯ ಮೇಲೆ ನೋಡಿದ್ದನ್ನು ನನ್ನ ಮಕ್ಕಳು ಅಂಗೈಯಗಲದ ಮೊಬೈಲಿನಲ್ಲಿ, ಮಸುಕು ಪ್ರತಿಯಲ್ಲಿ ನೋಡುತ್ತಾರೆ. ಕಪ್ಪು ಬಿಳುಪು ಸಿನಿಮಾದಲ್ಲಿ ಕತ್ತಲೆ ಎಷ್ಟು, ಬೆಳಕು ಎಷ್ಟು ಎಂದೇ ತಿಳಿಯದ ಪ್ರತಿ ಅದು. ಅಂಥದ್ದನ್ನು ನೋಡಿ 'ಛಾಯಾಗ್ರಹಣದ ಬಗ್ಗೆ ಟಿಪ್ಪಣಿ ಬರೆಯಿರಿ' ಅಂದರೆ ಏನು ಬರೆಯುತ್ತಾರೆ?

ಇನ್ನೊಂದು ತಕರಾರು ನಿಷ್ಠೆಯ ಬಗ್ಗೆ. ಮೂಲಕ್ಕೆ ಸಿನಿಮಾ ನಿಷ್ಠವಾಗಿದೆಯೇ ಎಂಬ ಪ್ರಶ್ನೆ ನಿಮ್ಮ ಮಾದರಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ತರಾಸು ಅವರ ಮೂರು ಕಾದಂಬರಿ ಸೇರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ 'ನಾಗರಹಾವು' ಮಾಡಿದರು. ತರಾಸು ಅವರಿಗೆ ಅದು ಒಪ್ಪಿಗೆಯಾಗಲಿಲ್ಲ. ಜನರಿಗೆ ಒಪ್ಪಿಗೆಯಾಯಿತು. ಇಬ್ಬರೂ ತಮ್ಮ ತಮ್ಮ ಜಾಗದಲ್ಲಿ ನಿಂತು ಸರಿ ಹೇಳಿರಬಹುದು. ಮಕ್ಕಳು ಆ ಎರಡೂ ಜಾಗದಲ್ಲಿ ನಿಂತು ನೋಡಲಿ. ತೀರ್ಪು ಕೊಡುವ ಆತುರ ಯಾಕೆ?

ವೈದೇಹಿಯವರ ಕಥೆಯಲ್ಲಿ ಊರಿಗೆ ಟಾಕೀಸು ಬರುತ್ತದೆ. ಅದರ ಮೇಲೆ ಕಾಸರವಳ್ಳಿ 2008ರಲ್ಲಿ ಮಾಡಿದ 'ಗುಲಾಬಿ ಟಾಕೀಸು' ಸಿನಿಮಾದಲ್ಲಿ ಮನೆಗೆ ಡಿಶ್ ಟಿವಿ ಬರುತ್ತದೆ. ನಿಷ್ಠೆಯ ಲೆಕ್ಕದಲ್ಲಿ ಇದು ತಪ್ಪು. ನನ್ನ ತರಗತಿಯಲ್ಲಿ ಇದು ಹಬ್ಬ. 'ಈಗ ನೀವು ಮಾಡಿದ್ರೆ ಏನು ತರ್ತೀರಿ' ಅಂತ ಕೇಳಿದೆ. ಹುಡುಗಿಯೊಬ್ಬಳು 'ಅಣ್ಣನ ಮೊಬೈಲ್' ಅಂದಳು. ತನಗೆ ಅದನ್ನು ಮುಟ್ಟಲು ಬಿಡುವುದಿಲ್ಲ ಅಂತ ಸೇರಿಸಿದಳು. ಅಲ್ಲಿಂದ ಒಂದು ಹೊಸ ಕಥೆಯೇ ಶುರುವಾಯಿತು.

ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ನಾವೆಲ್ಲ ಸಂಭ್ರಮಿಸಿದೆವು. ಅವರ 'ಕರಿ ನಾಗರಗಳು' ಕಥೆ 2004ರಲ್ಲೇ 'ಹಸೀನಾ' ಎಂಬ ಸಿನಿಮಾ ಆಗಿದೆ. ತಾರಾ ಅವರಿಗೆ ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ನನ್ನ ತರಗತಿಯಲ್ಲಿ ಉರ್ದು ಮಾತಾಡುವ ಹೆಣ್ಣುಮಕ್ಕಳು ಹದಿನಾಲ್ಕು ಮಂದಿ. ಅವರ ಮನೆಯ ಅಂಗಳದಂಥ ಅಂಗಳ ಇರುವ ಕಥೆ ಈ ಘಟಕಕ್ಕೆ ನೀವು ಇಟ್ಟಿರುವ ಐದು ಕೃತಿಗಳಲ್ಲಿ ಒಂದೂ ಇಲ್ಲ. ಕಥೆಯ ಹೆಸರು ಹಾವಿನದು, ಸಿನಿಮಾದ ಹೆಸರು ಹೆಣ್ಣಿನದು. ಯಾಕೆ ಹೀಗೆ ಬದಲಾಯಿತು? ಈ ಒಂದು ಪ್ರಶ್ನೆಗೆ ಅವರು ಎರಡು ಪುಟ ಬರೆಯಬಲ್ಲರು. ಪಠ್ಯದಲ್ಲಿ ಇಲ್ಲದಿದ್ದರೂ ನಾನು ಬರೆಸಿದ್ದೇನೆ.

ಹೆಸರು ಬದಲಾಗುವ ಮಾತು ಬಂದಾಗ ನಮ್ಮ ಕಲಬುರಗಿಯ ಗೀತಾ ನಾಗಭೂಷಣ ಅವರನ್ನು ನೆನೆಯದೆ ಇರಲಾರೆ. 'ಬದುಕು' ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು. ಕನ್ನಡದಲ್ಲಿ ಆ ಪ್ರಶಸ್ತಿ ಪಡೆದ ಮೊದಲ ಲೇಖಕಿ. ಅವರ 'ಹಸಿಮಾಂಸ ಮತ್ತು ಹದ್ದುಗಳು' ಕಾದಂಬರಿ 'ಹೆಣ್ಣಿನ ಕೂಗು' ಎಂಬ ಸಿನಿಮಾ ಆಯಿತು. ನಮ್ಮ ಮಣ್ಣಿನ ಮಾತಲ್ಲಿ, ನಮ್ಮ ಹೆಣ್ಣುಮಕ್ಕಳ ಮೇಲೆ ಬರೆದ ಲೇಖಕಿ ಅವರು. ಈ ಭಾಗದ ಪಠ್ಯದಲ್ಲಿ ಸಾಹಿತ್ಯ ಮತ್ತು ಸಿನಿಮಾ ಅಂದಾಗ ಮೊದಲು ಬರಬೇಕಾದದ್ದು ಆ ಹೆಸರು. ನನ್ನ ವಿನಂತಿ ಇಷ್ಟು: ಆ ಕಾದಂಬರಿಯನ್ನು ಪಠ್ಯಕ್ಕೆ ಸೇರಿಸಿ, ಸಿನಿಮಾದ ಒಳ್ಳೆಯ ಪ್ರತಿ ಎಲ್ಲಿದ್ದರೂ ಹುಡುಕಿಸಿ ಕಾಲೇಜುಗಳಿಗೆ ತಲುಪಿಸಿ. ಒಬ್ಬ ಅತಿಥಿ ಉಪನ್ಯಾಸಕಿ ಕೇಳಿದರೆ ಬಾಗಿಲು ತೆರೆಯುವುದಿಲ್ಲ. ಸಮಿತಿ ಕೇಳಿದರೆ ತೆರೆಯುತ್ತದೆ.

ಇನ್ನು ಸಮಯದ ಮಾತು. ಈ ಘಟಕಕ್ಕೆ ನೀವು ಕೊಟ್ಟಿರುವುದು ಹತ್ತು ತಾಸು. ಕೃತಿಗಳು ಐದು. ಸಿನಿಮಾ ನೋಡುವುದಕ್ಕೇ ಹತ್ತು ತಾಸು ಮುಗಿಯುತ್ತದೆ. ಓದುವುದು ಯಾವಾಗ? ಮಾತಾಡುವುದು ಯಾವಾಗ? ಐದರ ಬದಲು ಎರಡು ಕೊಡಿ. ಒಂದು ಸಣ್ಣಕಥೆ, ಒಂದು ಕಾದಂಬರಿ ಸಾಕು. ಅವಸರದಲ್ಲಿ ಐದು ಮುಟ್ಟಿ ಬಿಡುವುದಕ್ಕಿಂತ ಎರಡನ್ನು ಕೂತು ಓದುವುದು ಜಾಸ್ತಿ ಕಲಿಸುತ್ತದೆ. ಸಣ್ಣಕಥೆಯಿಂದ ಶುರುಮಾಡಿದರೆ ಇನ್ನೂ ಒಳ್ಳೆಯದು, ತೇಜಸ್ವಿಯವರ 'ತಬರನ ಕಥೆ'ಯಂಥದ್ದು. ಪಿಂಚಣಿಗಾಗಿ ಕಚೇರಿ ಕಚೇರಿ ಅಲೆಯುವ ತಬರನನ್ನು ನಮ್ಮ ಮಕ್ಕಳಿಗೆ ಯಾರೂ ಪರಿಚಯ ಮಾಡಿಸಬೇಕಾಗಿಲ್ಲ. ಅವರ ಮನೆಯ ಅಜ್ಜಿಯರೇ ಆ ಸಾಲಲ್ಲಿ ನಿಂತಿದ್ದಾರೆ. ಮತ್ತೆ, ಸಿನಿಮಾ ನೋಡುವ ದಿನಕ್ಕೆ ವೇಳಾಪಟ್ಟಿಯಲ್ಲೇ ಬಿಡದೆ ಮೂರು ತಾಸು ಕೊಡಿ. ಈಗ ಐವತ್ತು ನಿಮಿಷಕ್ಕೊಮ್ಮೆ ಗಂಟೆ ಹೊಡೆಯುತ್ತದೆ, ಅಳು ಬರುವ ಹೊತ್ತಿಗೆ ಮಕ್ಕಳು ಇಂಗ್ಲಿಷ್ ತರಗತಿಗೆ ಓಡುತ್ತಾರೆ.

ಸಿನಿಮಾ ತೋರಿಸಿದರೆ ಕಾಪಿರೈಟ್ ಕೇಸು ಆಗುತ್ತದೆ ಎಂಬ ಭಯ ಕಾಲೇಜುಗಳಲ್ಲಿ ಇದೆ. ನನ್ನನ್ನೂ ಒಮ್ಮೆ ಕರೆದು ಕೇಳಿದರು. 1957ರ ಕಾಪಿರೈಟ್ ಕಾಯ್ದೆಯ 52ನೇ ಕಲಂ ತೆಗೆದು ತೋರಿಸಿದೆ. ವಿದ್ಯಾಸಂಸ್ಥೆಯ ಚಟುವಟಿಕೆಯ ಭಾಗವಾಗಿ, ವಿದ್ಯಾರ್ಥಿಗಳು ಮತ್ತು ಸಿಬ್ಬಂದಿಯಂಥವರ ಮುಂದೆ ಮಾತ್ರ ಸಿನಿಮಾ ತೋರಿಸುವುದಕ್ಕೆ ಅದರಲ್ಲಿ ವಿನಾಯಿತಿ ಇದೆ. ಈ ವಿಷಯವನ್ನು ನಿಮ್ಮ ಸುತ್ತೋಲೆಯಲ್ಲಿ ಎರಡು ಸಾಲು ಬರೆದರೆ ಸಾಕು, ಎಷ್ಟೋ ಪ್ರಾಂಶುಪಾಲರು ಧೈರ್ಯವಾಗಿ ಲ್ಯಾಬಿನ ಕೀಲಿ ಕೊಡುತ್ತಾರೆ.

ಪ್ರಶ್ನೆಪತ್ರಿಕೆಗೆ ಮತ್ತೆ ಬರುತ್ತೇನೆ, ಯಾಕಂದರೆ ಉಳಿದೆಲ್ಲ ಸರಿಯಾಗಿ ಅದೊಂದು ಸರಿಯಾಗದಿದ್ದರೆ ಪ್ರಯೋಜನವಿಲ್ಲ. ನಮ್ಮಲ್ಲಿ ಪರೀಕ್ಷೆ ಏನು ಕೇಳುತ್ತದೋ ಅದೇ ಪಾಠ. 'ಪಟ್ಟಿ ಮಾಡಿ' ಎಂಬುದನ್ನು ತೆಗೆಯಿರಿ. ಅದರ ಬದಲು ಕೃತಿಯ ಅರ್ಧ ಪುಟ ಪ್ರಶ್ನೆಪತ್ರಿಕೆಯಲ್ಲೇ ಅಚ್ಚು ಮಾಡಿ, ಸಿನಿಮಾದಲ್ಲಿ ಈ ಜಾಗ ಹೇಗೆ ಬಂದಿದೆ, ಆ ಬದಲಾವಣೆಯಿಂದ ನಿಮಗೆ ಏನು ಸಿಕ್ಕಿತು, ಏನು ಕಳೆಯಿತು ಎಂದು ಕೇಳಿ. ಗೈಡಿನಲ್ಲಿ ಇದಕ್ಕೆ ಉತ್ತರ ಇರಲು ಸಾಧ್ಯವಿಲ್ಲ. ಮೌಲ್ಯಮಾಪಕರಿಗೆ ಆರು ಅಂಶದ ಪಟ್ಟಿ ಕೊಡಬೇಡಿ. ವಿದ್ಯಾರ್ಥಿ ಕೃತಿಯಿಂದ ಒಂದು ವಿವರ ತೆಗೆದಿದ್ದಾನೆಯೇ, ಸಿನಿಮಾದಿಂದ ಒಂದು ವಿವರ ತೆಗೆದಿದ್ದಾನೆಯೇ, ಎರಡನ್ನೂ ಸೇರಿಸಿ ತನ್ನ ಮಾತು ಹೇಳಿದ್ದಾನೆಯೇ ಎಂದು ನೋಡಲು ಹೇಳಿ. ಮನೆಮಾತಿನ ಕನ್ನಡದಲ್ಲಿ ಬರೆದರೆ ಅಂಕ ಕತ್ತರಿಸಬಾರದು ಎಂದೂ ಬರೆಯಿರಿ. ಆ ಹುಡುಗಿಯ ಉತ್ತರದಲ್ಲಿ 'ಸಿನಿಮಾದಾಗ', 'ಕೇರಿಯಾಗ' ಎಂಬ ಪದಗಳ ಕೆಳಗೆ ಕೆಂಪು ಗೆರೆ ಇದ್ದವು. ಗೀತಾ ನಾಗಭೂಷಣ ಅವರು ಅದೇ ಕನ್ನಡದಲ್ಲಿ ಬರೆದು ಪ್ರಶಸ್ತಿ ಪಡೆದರು.

ಕಲಬುರಗಿಯಲ್ಲೋ ಬೀದರಿನಲ್ಲೋ ಎರಡು ದಿನ ಕನ್ನಡ ಅಧ್ಯಾಪಕರನ್ನೆಲ್ಲ ಕೂರಿಸಿ ಒಂದು ಕಾರ್ಯಾಗಾರ ಮಾಡಿ ಎಂದೂ ಕೇಳಿಕೊಳ್ಳುತ್ತೇನೆ. ನಮ್ಮಲ್ಲಿ ಬಹಳ ಜನ ಸಿನಿಮಾ ಪಾಠ ಮಾಡಲು ಕಲಿತವರಲ್ಲ. ನಾನೂ ತಡವರಿಸುತ್ತಲೇ ಕಲಿತೆ. ನನ್ನ ಮಕ್ಕಳು ಬರೆದ ಹಾಳೆಗಳನ್ನು ಹಿಡಿದು ನನ್ನ ಖರ್ಚಿನಲ್ಲೇ ಬರುತ್ತೇನೆ.

ಆ ಹುಡುಗಿಯ ಉತ್ತರದ ಜೆರಾಕ್ಸ್ ಪ್ರತಿಯನ್ನು, ಅವಳ ಹೆಸರು ಮತ್ತು ನೋಂದಣಿ ಸಂಖ್ಯೆ ಮರೆಮಾಡಿ, ಸಮಿತಿಯ ಪ್ರತಿ ಸದಸ್ಯರಿಗೂ ಅಂಚೆಯಲ್ಲಿ ಕಳಿಸಿದ್ದೇನೆ. ಒಂದೂವರೆ ಪುಟ ಇದೆ. ದಯವಿಟ್ಟು ಪೂರ್ತಿ ಓದಿ, ನೀವೇ ಹತ್ತಕ್ಕೆ ಎಷ್ಟು ಕೊಡುತ್ತೀರಿ ಎಂದು ನನಗೆ ಬರೆದು ತಿಳಿಸಿ. ಅವಳು ಈಗ ಕೊನೆಯ ಸೆಮಿಸ್ಟರಿನಲ್ಲಿದ್ದಾಳೆ. ಉತ್ತರ ಬಂತಾ ಮೇಡಂ ಎಂದು ವಾರಕ್ಕೊಮ್ಮೆ ಕೇಳುತ್ತಾಳೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಕನ್ನಡ ಅತಿಥಿ ಉಪನ್ಯಾಸಕಿ
ಯಾದಗಿರಿ ಜಿಲ್ಲೆ